ಪಟ್ಟದ ಗೊಂಬೆಗಳನ್ನು ನರಕದಲ್ಲಿ ಕೂರಿಸಿದ್ದು

ಮೊನ್ನೆ ದೊಡ್ಡಮ್ಮನ ಮಗಳ ಮಗುವಿಗೆ ಬಜೆ ಬೇರು ಬೇಕೆಂದು ಮಾರ್ಕೆಟ್ಟಿನ ಗ್ರಂಥಿಗೆ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಡಬ್ಬದ ಮುಚ್ಚಳ ತೆಗೆದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಮಗುವೂ ಮರೆತುಹೋಯಿತು, ಬಾಣಂತಿಯೂ ಮರೆತುಹೋದಳು. ಕಣ್ಣ ಮುಂದೆ ಬಂದದ್ದು ಒಂದು ತಗಡಿನ ಟ್ರಂಕು, ಅದರೊಳಗೆ ಹಳೇ ಪಂಚೆಯಲ್ಲಿ ಸುತ್ತಿಟ್ಟಿದ್ದ ಗೊಂಬೆಗಳು, ಹುಳ ಹಿಡಿಯದಿರಲೆಂದು ಅವುಗಳ ಸಂದಿಯಲ್ಲಿ ಸಿಕ್ಕಿಸಿದ್ದ ಬಜೆಯ ತುಂಡುಗಳು. ಆಮೇಲೆ ನರಕ. ಬಜೆಯ ವಾಸನೆಗೆ ನರಕ ನೆನಪಾಗುವವಳು ಇಡೀ ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು...

ಆ ಟ್ರಂಕು ನಮ್ಮ ಕೆಳಗಿನ ಮನೆ ಅಜ್ಜಿಯದು. ವಿಜಯನಗರದಲ್ಲಿ ಅವರ ಮಹಡಿ ಮನೆಯಲ್ಲಿ ನಾನು, ಅಮ್ಮ ಬಾಡಿಗೆಗಿದ್ದೆವು. ನಾವು ಅಲ್ಲಿಗೆ ಬಂದಾಗ ನಾನಿನ್ನೂ ಮಿಡ್ಲ್‌ಸ್ಕೂಲು. ಅಜ್ಜಿ ಸಣ್ಣ ಆಳು, ನಡೆದರೆ ಹೆಜ್ಜೆ ಸಪ್ಪಳವೇ ಕೇಳುತ್ತಿರಲಿಲ್ಲ. ಮೆಟ್ಟಿಲು ಹತ್ತಿ ಬಂದು ಹಿಂದೆ ನಿಂತಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ, ಅಮ್ಮ ಎಷ್ಟೋ ಸಲ ಬೆಚ್ಚಿಬಿದ್ದು ಸೌಟು ಬೀಳಿಸಿದ್ದುಂಟು. ಅವರ ಎಡಗೈಯ ಕಿರುಬೆರಳು ಸೊಟ್ಟಗಿತ್ತು. ಕೇಳಿದಾಗ ಒನಕೆ ಬಿತ್ತು ಅಂದಿದ್ದರು. ಇರಬಹುದು ಅಂದುಕೊಂಡಿದ್ದೆ, ಒನಕೆಯನ್ನು ನಾನು ನೋಡಿದ್ದಾದರೂ ಎಲ್ಲಿ?

ಅವರ ಯಜಮಾನರು ಹೆಡ್‌ಮಾಸ್ಟರಾಗಿ ನಿವೃತ್ತರಾದವರು. ನಮ್ಮ ಬೀದಿಯಲ್ಲಿ ಅವರ ಮಾತು ಬಂದರೆ ಎಲ್ಲರೂ ಹೇಳುತ್ತಿದ್ದದ್ದು ಒಂದೇ: ದೇವರಂಥ ಮನುಷ್ಯ. ಮಠದ ಹಾಸ್ಟೆಲಿನ ಹುಡುಗರಿಗೆ ಬಿಟ್ಟಿ ಪಾಠ ಹೇಳುತ್ತಿದ್ದರು. ನನಗೆ ಭಿನ್ನರಾಶಿ ತಲೆಗೆ ಹತ್ತಿಸಿದವರೂ ಅವರೇ. ಜಗುಲಿಯ ಮೇಲೆ ಕೂರಿಸಿಕೊಂಡು, ಬಾಳೆಹಣ್ಣನ್ನು ಕತ್ತರಿಸಿ ತೋರಿಸಿ, ನನ್ನಂಥ ದಡ್ಡಿಯನ್ನೂ ಒಂದು ಸಲವೂ ಗದರದೆ ಕಲಿಸಿದರು. ಅವರು ತೀರಿಕೊಂಡ ದಿನ ನಾನು ಬಿಕ್ಕಿಬಿಕ್ಕಿ ಅತ್ತೆ. ಅಜ್ಜಿ ಅಳಲಿಲ್ಲ. ಪಾಪ, ಆಘಾತಕ್ಕೆ ಕಣ್ಣೀರೇ ಬತ್ತಿಹೋಗಿದೆ ಎಂದು ಬೀದಿಯ ಹೆಂಗಸರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ನಾನೂ ಹಾಗೇ ತಿಳಿದೆ.

ಇದಾಗಿ ಒಂದೆರಡು ವರ್ಷಕ್ಕೆ ನನಗೆ ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತು. ಶಿಫ್ಟ್ ಬಸ್ಸಿನಲ್ಲಿ ರಘು ಮತ್ತು ನಾಜ್ ಜೊತೆಯಾದರು. ರಘುವಿಗೆ ಯಾರೋ ಒಂದು ಆಟದ ಹುಚ್ಚು ಹಿಡಿಸಿದ್ದರು, ಅವನು ನಮಗೂ ಅಂಟಿಸಿದ. ಮೇಜಿನ ಸುತ್ತ ಕೂತು ಆಡುವ ಕಥೆಯಾಟ ಅದು. ಒಬ್ಬರು ಕಥೆ ನಡೆಸಬೇಕು, ಉಳಿದವರು ವೀರರೋ ಮಂತ್ರವಾದಿಗಳೋ ಆಗಿ ಆ ಕಥೆಯೊಳಗೆ ಹೊಕ್ಕು, ತಾವೇನು ಮಾಡುತ್ತೇವೆಂದು ಬಾಯಲ್ಲಿ ಹೇಳಬೇಕು. ಆಯಿತೋ ಇಲ್ಲವೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ. ದೊಡ್ಡ ಸಂಖ್ಯೆ ಬಿದ್ದರೆ ಗೆದ್ದಿರಿ, ಚಿಕ್ಕದು ಬಿದ್ದರೆ ಕೆಟ್ಟಿರಿ. ಕಥೆ ನಡೆಸುವವಳು ನಾನು. ಬಾಯಿ ಜೋರಿರುವವರಿಗೆ ಆ ಕೆಲಸ ತಾನಾಗಿಯೇ ಬರುತ್ತದೆ ಎಂದು ನಾಜ್ ಚುಡಾಯಿಸುತ್ತಿದ್ದಳು.

ಈ ಆಟದಲ್ಲಿ ಡಂಜನ್ ಅಂತ ಒಂದಿರುತ್ತದೆ. ಕೋಣೆಯೊಳಗೆ ಕೋಣೆ, ಓಣಿ, ಬಲೆ, ರಾಕ್ಷಸರು ತುಂಬಿದ ನೆಲಮಾಳಿಗೆ. ಆಟಗಾರರು ಒಂದೊಂದೇ ಬಾಗಿಲು ದಾಟಿಕೊಂಡು ಹೋಗಬೇಕು. ರಘು ತಂದ ಪುಸ್ತಕದಲ್ಲಿದ್ದ ನೆಲಮಾಳಿಗೆಗಳೆಲ್ಲ ಪರದೇಶದವು, ಅಲ್ಲಿನ ಭೂತಗಳಿಗೆ ಹೆದರಲೂ ನಮಗೆ ಬರುತ್ತಿರಲಿಲ್ಲ. ನಾನು ಹುರುಪಿನಿಂದ ನಮ್ಮ ನರಕವನ್ನೇ ಕಟ್ಟುತ್ತೇನೆ ಅಂದೆ. ವೈತರಣಿ, ಎಣ್ಣೆ ಕೊಪ್ಪರಿಗೆ, ಕತ್ತಿಯ ಎಲೆಗಳ ಕಾಡು, ಯಮದೂತರು. ಕಥೆಯನ್ನೂ ಹೊಸೆದೆ: ಒಬ್ಬ ಒಳ್ಳೆಯ ರಾಜ. ಯಮದೂತರ ಎಡವಟ್ಟಿನಿಂದ ನರಕದ ತಳದ ಕೋಣೆಯಲ್ಲಿ ಸಿಕ್ಕಿಬಿದ್ದಿದ್ದಾನೆ. ವೀರರು ಇಳಿದು ಹೋಗಿ ಅವನನ್ನು ಮೇಲಕ್ಕೆ ತರಬೇಕು.

ಜಗುಲಿಯ ಮೇಲೆ ಚಾರ್ಟು ಹರಡಿಕೊಂಡು ಗೆರೆ ಎಳೆಯುತ್ತಿದ್ದಾಗ ಅಜ್ಜಿ ಸದ್ದಿಲ್ಲದೆ ಬಂದು ಬಗ್ಗಿ ನೋಡಿದರು.

"ಏನಮ್ಮ ಇದು, ಮನೆ ಪ್ಲಾನಾ?"

"ಅಲ್ಲ ಅಜ್ಜಿ, ನರಕ."

"ಎಷ್ಟು ರೂಮು ಮಾಡಿದೀಯ?" ಅಂದರು, ಬಾಡಿಗೆಗೆ ಕೊಡುವವರ ಹಾಗೆ. ಆಮೇಲೆ ಸ್ವಲ್ಪ ಹೊತ್ತು ನೋಡಿ, "ಇಂಗೆ ನೆಲದ ಮೇಲೆ ಚಪ್ಪಟೆ ಹರಡ್ಕಂಡ್ರೆ ಕೆಳಕ್ಕಿಳಿಯೋದು ಎಂಗೆ ಗೊತ್ತಾಯ್ತದೆ? ನನ್ನ ಗೊಂಬೆ ಮೆಟ್ಲು ಅವೆಯಲ್ಲ, ತಗೋ. ಗೊಂಬೆನೂ ತಗೋ. ಸುಮ್ನೆ ಟ್ರಂಕಲ್ಲಿ ಬಿದ್ದವೆ" ಅಂದರು.

ಮೇಷ್ಟ್ರು ಹೋದ ಮೇಲೆ ಅಜ್ಜಿ ನವರಾತ್ರಿಗೆ ಗೊಂಬೆ ಕೂರಿಸುವುದನ್ನು ನಿಲ್ಲಿಸಿದ್ದರು. ಅದಕ್ಕೆ ಮುಂಚೆ ನಮ್ಮ ಬೀದಿಯಲ್ಲಿ ಅವರ ಮನೆಯ ಗೊಂಬೆಯೇ ಗೊಂಬೆ. ಬಿಳಿ ಪಂಚೆ ಹೊದಿಸಿದ ಮೆಟ್ಟಿಲುಗಳ ಮೇಲೆ ಮೃಗಾಲಯ, ಮದುವೆ ದಿಬ್ಬಣ, ಸಂತೆ, ಏನುಂಟು ಏನಿಲ್ಲ. ಅವೆಲ್ಲ ಈಗ ನನ್ನ ನರಕಕ್ಕೆ ಬಂದವು. ಒಂದು ಭಾನುವಾರ ಮಧ್ಯಾಹ್ನ ಅಜ್ಜಿಯ ಹಾಲಿನಲ್ಲೇ ಕಟ್ಟಿದೆವು. ಪೊಲೀಸ್ ಬ್ಯಾಂಡಿನವರು ಯಮದೂತರಾದರು. ಕ್ರಿಕೆಟ್ ತಂಡದ ಹನ್ನೊಂದು ಜನರನ್ನೂ ರಘು ಎತ್ತಿ ಎಣ್ಣೆ ಕೊಪ್ಪರಿಗೆಗೆ ಹಾಕಿದ. ಶೆಟ್ಟಿ ಶೆಟ್ಟಮ್ಮನ ಗೊಂಬೆಗಳನ್ನು ಅದರ ಪಕ್ಕದಲ್ಲೇ ಅಂಗಡಿ ಇಡಿಸಿ, ಕೊಪ್ಪರಿಗೆಗೆ ಎಣ್ಣೆ ಸರಬರಾಜು ಇವರದ್ದೇ ಅಂದೆವು. ಅಮ್ಮ ಮಹಡಿಯಿಂದ ಇಳಿದು ಬಂದವಳು ನೋಡಿ ಹೌಹಾರಿದಳು.

"ಹಬ್ಬದ ಗೊಂಬೇನ ನರಕದಲ್ಲಿ ಕೂರಿಸ್ತಿದೀಯಲ್ಲೇ, ತಲೆ ನೆಟ್ಟಗಿದ್ಯಾ ನಿಂಗೆ?"

"ಆಡ್ಕಳ್ಳಿ ಬುಡಮ್ಮ" ಎಂದು ಅಜ್ಜಿ ಅಮ್ಮನನ್ನು ಮೇಲಕ್ಕೆ ಸಾಗಹಾಕಿದರು.

ಎಲ್ಲ ಆದ ಮೇಲೆ ರಾಜನಿಗೆ ಒಂದು ಗೊಂಬೆ ಬೇಕಾಯಿತು. ಅಜ್ಜಿ ತಾವಾಗಿಯೇ ಟ್ರಂಕಿನ ತಳಕ್ಕೆ ಕೈ ಹಾಕಿ ಒಂದು ಗಂಟು ತೆಗೆದರು. ಅದರಲ್ಲಿ ಪಟ್ಟದ ಗೊಂಬೆಗಳಿದ್ದವು. ಮದುವೆಯಲ್ಲಿ ತವರಿನವರು ಮಗಳಿಗೆ ಕೊಡುವ ಮರದ ಜೋಡಿ ಗೊಂಬೆ, ರಾಜ, ರಾಣಿ. ಪ್ರತಿವರ್ಷ ಹೊಸ ಬಟ್ಟೆ ಉಡಿಸಿ ಎಲ್ಲಕ್ಕಿಂತ ಮೇಲಿನ ಮೆಟ್ಟಿಲಿನಲ್ಲಿ ಇವರನ್ನು ಕೂರಿಸಿದ ಮೇಲೆಯೇ ಮಿಕ್ಕ ಗೊಂಬೆಗಳು. ಅಜ್ಜಿ ರಾಜನನ್ನು ಮಾತ್ರ ಎತ್ತಿ ನನ್ನ ಕೈಗೆ ಕೊಟ್ಟರು.

"ಇವನ್ನ ಆಕು. ತಳಕ್ಕೇ ಆಕು" ಅಂದು, ಉಪ್ಪಿಟ್ಟು ಮಾಡಲು ಅಡುಗೆಮನೆಗೆ ಹೋದರು.

ನಾನು ರಾಜನನ್ನು ಕೊನೆಯ ಕೋಣೆಯಲ್ಲಿ ಕೂರಿಸಿದೆ. ತಿರುಗಿ ನೋಡಿದರೆ ರಾಣಿ ಟ್ರಂಕಿನಲ್ಲಿ ಒಬ್ಬಳೇ ಅಂಗಾತ ಬಿದ್ದಿದ್ದಳು. ನನಗೆ ಸರಿಬರಲಿಲ್ಲ. ಅಜ್ಜಿ ಮರೆತಿದ್ದಾರೆ ಎಂದುಕೊಂಡು ಅವಳನ್ನೂ ತಂದು ರಾಜನ ಎಡಕ್ಕೆ ಕೂರಿಸಿದೆ.

"ಕಥೆಯಲ್ಲಿ ರಾಣಿ ಎಲ್ಲಿದಾಳೆ? ರಾಜ ಒಬ್ನೇ ಅಲ್ವಾ ಇರೋದು?" ನಾಜ್ ಕೇಳಿದಳು.

"ಪಟ್ಟದ ಗೊಂಬೆ ಜೋಡಿ ಬೇರೆ ಮಾಡಬಾರದು ಕಣೆ. ಕೆಟ್ಟದ್ದು."

"ನರಕದಲ್ಲೂನಾ?"

"ಎಲ್ಲೇ ಆದ್ರೂ" ಅಂದೆ. ನನಗೆ ಅಷ್ಟು ಗೊತ್ತಿರುವುದಕ್ಕೆ ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಅಜ್ಜಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬಂದವರು ಹಾಲಿನ ನಡುವೆ ನಿಂತುಬಿಟ್ಟರು. ತಳದ ಮೆಟ್ಟಿಲನ್ನೇ ನೋಡಿದರು.

"ಅವಳನ್ನ ಯಾಕಮ್ಮ ಅಲ್ಲಿ ಕೂರಿಸ್ದೆ?"

"ಜೋಡಿ ಅಲ್ವಾ ಅಜ್ಜಿ..."

"ಅಲ್ಲೂ ಬುಡಲ್ವಾ ನನ್ನ?"

ರಘು ತಮಾಷೆಯೆಂದು ತಿಳಿದು ನಕ್ಕ. ನಾಜ್ ಅವನ ತೋಳು ಚಿವುಟಿದಳು. ಅಜ್ಜಿ ತಟ್ಟೆಗಳನ್ನು ಕೆಳಗಿಟ್ಟು, ನಮ್ಮ ನರಕದ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತರು.

"ನಮ್ಮಲ್ಲಿ ಸತ್ತೋರನ್ನ ಮಣ್ಣು ಮಾಡೋವಾಗ ಮಲಗಿಸಲ್ಲ ಕಣ್ರಪ್ಪ, ಕೂರಿಸ್ತಾರೆ" ಅಂದರು. "ಅವ್ರನ್ನ ಊರ ಜಮೀನಲ್ಲಿ ಕೂರಿಸವ್ರೆ. ಪಕ್ಕದಲ್ಲಿ ನಂಗೆ ಅಂತ ಜಾಗ ಬಿಟ್ಟವ್ರೆ. ಹೋದಾಗೆಲ್ಲ ತೋರಿಸ್ತಾರೆ, ನೋಡಮ್ಮ, ಇದು ನಿಂದು ಅಂತ. ಈ ಗೊಂಬೆಗಳ ತರಾನೇ ನನ್ನನ್ನೂ ತಂದು ಅವ್ರ ಪಕ್ಕ ಕೂರಿಸ್ಬುಡ್ತಾರೆ. ಆಮೇಲೆ ಎದ್ದು ಓಗಕ್ಕಾಯ್ತದಾ?"

ಅವರ ದನಿ ಏರಲಿಲ್ಲ, ಅಳುವೂ ಇರಲಿಲ್ಲ. ತರಕಾರಿಯ ವಿಷಯ ಹೇಳಿದ ಹಾಗೆ ಹೇಳುತ್ತಿದ್ದರು. ನಾನು ಏನೋ ಹೇಳಲು ಬಾಯಿ ತೆರೆದೆ. ಮೇಷ್ಟ್ರು ಅಂಥವರಲ್ಲವಲ್ಲ ಅಂತಲೇ ಇರಬೇಕು. ಅಷ್ಟರಲ್ಲಿ ಅಜ್ಜಿ ಕೊಪ್ಪರಿಗೆ, ಕತ್ತಿಯ ಕಾಡು, ಬ್ಯಾಂಡಿನವರು ಎಲ್ಲವನ್ನೂ ಒಂದು ಸಲ ನೋಡಿ ತಲೆಯಾಡಿಸಿದರು.

"ಇದು ಸರ್ಕಸ್ಸಿದ್ದಂಗದೆ ಕಣಮ್ಮ. ಇಷ್ಟೊಂದು ಬೆಂಕಿ, ಕೂಗಾಟ... ಇಷ್ಟು ಗಲಾಟೆ ಆದ್ರೆ ಅಕ್ಕಪಕ್ಕದೋರು ಬಂದ್ಬುಡ್ತಾರೆ. ಅದು ಇಂಗಿರಲ್ಲ. ಗುಡಿಸಿ ಒರೆಸಿ ಚೊಕ್ಕಟವಾಗಿರ್ತದೆ. ರೇಡಿಯೋ ಸಣ್ಣಕೆ ಹಾಡ್ತಿರ್ತದೆ. ಕಿವಿ ಮಾತ್ರ ಗೇಟಿನ ಚಿಲಕದ ಮೇಲೇ ಇರ್ತದೆ."

ಆಮೇಲೆ ಅಜ್ಜಿ ಹೇಳಿದ್ದನ್ನು ಇವತ್ತಿಗೂ ನನಗೆ ಪೂರ್ತಿ ನಂಬಲು ಕಷ್ಟ, ನಂಬದಿರಲು ಇನ್ನೂ ಕಷ್ಟ. ಸಾರಿಗೆ ಉಪ್ಪು ಹೆಚ್ಚಾದರೆ ಮೇಷ್ಟ್ರು ಬೈಯುತ್ತಿರಲಿಲ್ಲವಂತೆ. ತಟ್ಟೆಯನ್ನು ನಿಧಾನವಾಗಿ ನೆಲಕ್ಕೆ ಬೋರಲು ಹಾಕುತ್ತಿದ್ದರಂತೆ. ಅದನ್ನು ಅಜ್ಜಿ ಸೆರಗಿನಿಂದ ಒರೆಸಬೇಕು. ಒರೆಸಲು ಬಗ್ಗಿದಾಗ ಮೇಷ್ಟ್ರು ಎದ್ದು ಹೋಗಿ, ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ಮೆಟ್ಟಿಕೊಂಡು ಬಂದು, ಅವರ ಕೈ ಮೇಲೆ ಕಾಲಿಡುತ್ತಿದ್ದರಂತೆ. ಬರಿಗಾಲಲ್ಲಿ ಅಲ್ಲ, ಅದಕ್ಕೆಂದೇ ಚಪ್ಪಲಿ ಹಾಕಿಕೊಂಡು ಬಂದು! ನಾನು ಅಜ್ಜಿಯ ಸೊಟ್ಟ ಬೆರಳನ್ನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

"ಹೂಂ. ಅವತ್ತು ಅವ್ರು ಆಚೆ ಜಗುಲಿ ಮೇಲೆ ನಿಂಗೆ ಲೆಕ್ಕ ಹೇಳ್ಕೊಡ್ತಾ ಕೂತಿದ್ರು. ನಾನು ಒಳಗೆ ಬೆರಳಿಗೆ ಬಟ್ಟೆ ಕಟ್ಕೊತಿದ್ದೆ."

ಒಂದು ಗೋಡೆ. ಆಚೆ ಕಡೆ ಬಾಳೆಹಣ್ಣು ಕತ್ತರಿಸಿ ಕಾಲುಭಾಗ, ಅರ್ಧಭಾಗ ಎಂದು ನಗುನಗುತ್ತಾ ತೋರಿಸುತ್ತಿದ್ದ ಅವೇ ಕೈಗಳು, ಅವೇ ಕಾಲುಗಳು.

"ನೀನು ಬಂದ್ರೆ ನಂಗೆ ಅಷ್ಟೊತ್ತು ನೆಮ್ಮದಿ ಕಣಮ್ಮ" ಅಂದರು ಅಜ್ಜಿ. "ಅದಕ್ಕೇ ನಿಂಗೆ ಬೋಂಡ ಕರ್ಕೊಡ್ತಿದ್ದೆ, ಇನ್ನಷ್ಟು ಹೊತ್ತು ಕೂತ್ಕಳ್ಳಿ ಅಂತ."

ನಾನು ಆ ಬೋಂಡಗಳನ್ನು ಎಷ್ಟು ಆಸೆಯಿಂದ ತಿಂದಿದ್ದೆ. ಮೇಲೆ ನಾವು ಹಾಯಾಗಿ ಮಲಗುತ್ತಿದ್ದೆವು, ಕೆಳಗೆ ಇದು ನಡೆಯುತ್ತಿತ್ತು. ಬೀದಿಯವರೆಲ್ಲ ಆ ಗೇಟಿನ ಮುಂದೆ ಹಾದು ಹೋಗುವಾಗ ಕೈಮುಗಿಯುತ್ತಿದ್ದರು.

ಉಪ್ಪಿಟ್ಟು ತಣ್ಣಗಾಗುತ್ತಿತ್ತು. ಕೊನೆಗೆ ನಾಜ್, ಅವಳಿಗೆ ಎಲ್ಲಿಂದ ಧೈರ್ಯ ಬಂತೋ, "ಅಜ್ಜಿ, ನೀವೂ ಆಡಿ. ರಾಣಿ ನಿಮ್ಮವಳು. ಅವಳು ಆಚೆ ಬರಲಿ" ಅಂದಳು.

ಅಜ್ಜಿ ಒಪ್ಪುತ್ತಾರೆಂದು ನಾನು ಅಂದುಕೊಂಡಿರಲಿಲ್ಲ. ಅವರು ಸೀರೆಯ ನೆರಿಗೆ ಸರಿಮಾಡಿಕೊಂಡು ಮೆಟ್ಟಿಲ ಹತ್ತಿರಕ್ಕೆ ಸರಿದರು. ಆಡುವ ಪಾತ್ರಕ್ಕೆ ಒಂದು ಹೆಸರು ಬೇಕು ಎಂದು ರಘು ಮೆಲ್ಲಗೆ ಹೇಳಿದ. ಅಜ್ಜಿ ಒಂದು ಹೆಸರು ಹೇಳಿದರು. ಅದು ಅವರದ್ದೇ ಹೆಸರು. ಅಷ್ಟು ವರ್ಷ ಅವರ ಮನೆಯ ಮೇಲೆ ಇದ್ದ ನಾನು ಅದನ್ನು ಮೊದಲ ಸಲ ಕೇಳಿದ್ದು ಅವತ್ತು. ಎಲ್ಲರಿಗೂ ಅವರು ಮೇಷ್ಟ್ರ ಹೆಂಡತಿ ಇಲ್ಲವೇ ಅಜ್ಜಿ. ಚೆಂದದ ಹೆಸರು, ಇಲ್ಲಿ ಬರೆಯಲು ಮನಸ್ಸಿಲ್ಲ.

"ರಾಣಿ ಎದ್ದಳು" ಎಂದು ನಾನು ಕಥೆ ಶುರುಮಾಡಿದೆ.

"ಎದ್ರೆ ಅವ್ರು ಕರೀತಾರೆ" ಅಂದರು ಅಜ್ಜಿ. "ಕರಿ ನೀನು."

"ಏನಂತ ಅಜ್ಜಿ?"

"ಹೆಸರು ಹಿಡ್ದು ಕರೆಯಲ್ಲ. 'ಏಯ್' ಅಂತಾರೆ. ಅಷ್ಟೆ. ಮೆತ್ತಗೆ."

ಕಥೆ ನಡೆಸುವವಳು ಎಲ್ಲರ ದನಿಯಲ್ಲೂ ಮಾತಾಡಬೇಕು, ಅದು ಆಟದ ನಿಯಮ. ನಾನು ಮೆತ್ತಗೆ "ಏಯ್" ಅಂದೆ. ಅಜ್ಜಿಯ ಭುಜಗಳು ಗಕ್ಕನೆ ಒಳಕ್ಕೆ ಕುಗ್ಗಿದವು. ನಾನು, ಅವರ ಮೊಮ್ಮಗಳ ವಯಸ್ಸಿನವಳು, ಆಟಕ್ಕೆ ಅಂದ ಒಂದು ಮಾತು! ಇವರು ಬದುಕಿದ್ದು ಹೇಗೆ ಅನ್ನುವುದು ನನಗೆ ಆಗ ಅರ್ಥವಾಯಿತು. ಅಷ್ಟು ಹೊತ್ತು ಕೇಳಿದ ಮಾತುಗಳಿಗಿಂತ ಆ ಭುಜಗಳು ನನ್ನನ್ನು ಹೆಚ್ಚು ಅಲ್ಲಾಡಿಸಿದವು.

"ಈಗ ದಾಳ ಹಾಕಬೇಕು ಅಜ್ಜಿ. ದೊಡ್ಡದು ಬಿದ್ದರೆ ರಾಣಿ ಬಾಗಿಲು ದಾಟುತ್ತಾಳೆ" ಅಂದಳು ನಾಜ್.

ಅಜ್ಜಿ ದಾಳವನ್ನು ಅಂಗೈಯಲ್ಲಿ ಕುಲುಕಿ ಬಿಟ್ಟರು. ಅದು ಉರುಳಿ ಉರುಳಿ ಎಣ್ಣೆ ಕೊಪ್ಪರಿಗೆಗೆ ತಗುಲಿ ನಿಂತಿತು. ಎರಡು. ಅದಕ್ಕಿಂತ ಕೆಟ್ಟದ್ದು ಬೀಳಲು ಇನ್ನೊಂದೇ ಸಂಖ್ಯೆ ಬಾಕಿ. ರಘು ಕಣ್ಣು ಮುಚ್ಚಿಕೊಂಡ. ಸುಳ್ಳು ಹೇಳೋಣವೇ, ಇನ್ನೊಮ್ಮೆ ಹಾಕಿಸೋಣವೇ ಎಂದು ನಾನು ಯೋಚಿಸುತ್ತಿರುವಾಗಲೇ ಅಜ್ಜಿ ಕೇಳಿದರು.

"ಎರಡು ಬಿದ್ರೆ ಏನಮ್ಮ?"

"ರಾಣಿ ಅಲ್ಲೇ ಇರಬೇಕು ಅಜ್ಜಿ."

ಅಜ್ಜಿ ದಾಳವನ್ನು ನೋಡಿದರು. ಆಮೇಲೆ ಸೊಟ್ಟ ಬೆರಳಿನ ಆ ಎಡಗೈ ಚಾಚಿ, ರಾಣಿಯನ್ನು ಸೊಂಟ ಹಿಡಿದು ಎತ್ತಿಕೊಂಡು, ಮಂಡಿಯೂರಿ ಎದ್ದು ನಿಂತರು.

"ಇಷ್ಟು ವರ್ಷ ಅವ್ರನ್ನ ಕೇಳ್ದೆ. ಇನ್ನು ಇದನ್ನ ಬೇರೆ ಕೇಳ್ಬೇಕಾ?" ಅಂದು, ರಾಣಿಯನ್ನು ಅಡುಗೆಮನೆಗೆ ಒಯ್ದು ಫ್ರಿಜ್ಜಿನ ಮೇಲೆ ಕೂರಿಸಿದರು. ಅಲ್ಲಿಂದಲೇ, "ಉಪ್ಪಿಟ್ಟು ತಿನ್ರಪ್ಪ, ಆರೋಯ್ತದೆ" ಅಂದರು.

ನಮ್ಮ ಆಟದಲ್ಲಿ ದಾಳದ ಮಾತು ಮೀರಿದವರು ಅವರೊಬ್ಬರೇ. ನಿಯಮದ ವಿಷಯದಲ್ಲಿ ಚಂಡಿ ಹಿಡಿಯುವ ರಘುವೇ ದಾಳ ಎತ್ತಿ ಜೇಬಿಗೆ ಹಾಕಿಕೊಂಡ. ರಾಜನನ್ನು ಕರೆತರುವ ಕಥೆಯನ್ನು ನಾವು ಮತ್ತೆ ಎತ್ತಲೇ ಇಲ್ಲ. ಗೊಂಬೆಗಳನ್ನು ಸುತ್ತಿಟ್ಟೆವು. ಮುಂದಿನ ಭಾನುವಾರಗಳಲ್ಲಿ ಅಜ್ಜಿ ಆಗಾಗ ಬಂದು ಕೂರುತ್ತಿದ್ದರು, ಒಂದೆರಡು ಸಲ ಕಳ್ಳಿಯ ಪಾತ್ರ ಮಾಡಿ ಭಲೇ ಕಳ್ಳತನ ಮಾಡಿದರು. ಮೇಷ್ಟ್ರ ಮಾತನ್ನು ಮಾತ್ರ ಮತ್ತೆ ಆಡಲಿಲ್ಲ. ನಾನೂ ಕೇಳಲಿಲ್ಲ.

ಅಮ್ಮನಿಗೆ ಹೇಳಿದೆ. "ಆ ಗೇಟಿನ ಚಿಲಕ ಸದ್ದಾದಾಗ್ಲೆಲ್ಲ ರೇಡಿಯೋ ಆಫ್ ಆಗ್ತಿತ್ತು ಕಣೆ. ಶಿಸ್ತು ಅಂದ್ರೆ ಇದಪ್ಪ ಅಂದ್ಕೊತಿದ್ದೆ" ಅಂದಳು.

ಅಜ್ಜಿ ಹೋದದ್ದು ಒಂದು ಬೆಳಿಗ್ಗೆ, ಕಾಫಿ ಕುಡಿದು ಕುರ್ಚಿಯಲ್ಲಿ ಕೂತಲ್ಲೇ. ಸುದ್ದಿ ಮುಟ್ಟಿ ತುಮಕೂರಿನಿಂದ ಅವರ ಮಗಳು ಬಂದರು, ಊರಿನಿಂದ ಮೇಷ್ಟ್ರ ಕಡೆಯವರು ವ್ಯಾನು ಮಾಡಿಕೊಂಡು ಬಂದರು. ಜಾಗ ಅಗೆಸಿಟ್ಟಾಗಿದೆ ಎಂದು ಅವರಲ್ಲೊಬ್ಬರು ಹೇಳುತ್ತಿದ್ದರು. "ಅಂತೂ ಯಜಮಾನರ ಪಕ್ಕ ಹೋಗ್ತಾರೆ, ಪುಣ್ಯವಂತೆ" ಎಂದು ಬೀದಿಯ ಹೆಂಗಸರು ಕಣ್ಣೊರೆಸಿಕೊಂಡರು. ಆಮೇಲೆ ಎದ್ದು ಓಗಕ್ಕಾಯ್ತದಾ ಅಂದ ದನಿ ಕಿವಿಯಲ್ಲೇ ಇತ್ತು. ನಾನು ಜನರ ನಡುವೆ ನುಗ್ಗಿ ಮಗಳ ಹತ್ತಿರ ಹೋಗಿ, "ಅಕ್ಕ, ಒಂದು ನಿಮಿಷ, ಅಜ್ಜಿ ಒಂದ್ಸಲ..." ಎಂದು ಶುರುಮಾಡಿದೆ.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಬಿಳೀ ವಾಹನ ಬಂದು ನಿಂತಿತು. ಮೆಡಿಕಲ್ ಕಾಲೇಜಿನದು. ಮಗಳು ನನ್ನ ಕೈ ಒತ್ತಿ, ಎಲ್ಲರಿಗೂ ಕೇಳುವಂತೆ ಹೇಳಿದರು: "ಅಮ್ಮ ದೇಹದಾನ ಮಾಡಿದಾರೆ. ನನ್ನ ಹತ್ರ ಆಣೆ ಹಾಕಿಸ್ಕೊಂಡಿದಾರೆ. ಊರಿಗೆ ಹೋಗಲ್ಲ."

ಆಮೇಲೆ ಗಲಾಟೆಯೋ ಗಲಾಟೆ. ಊರಿನವರು ಕೂಗಾಡಿದರು, ಸಂಪ್ರದಾಯ ಅಂದರು, ಅಗೆಸಿದ ಜಾಗಕ್ಕೇನು ಮಾಡುವುದು ಅಂದರು. ಮಗಳು ಅಲುಗಲಿಲ್ಲ. ವಾಹನದ ಬಾಗಿಲು ಮುಚ್ಚಿತು. ನಾನು ಅಳುತ್ತಿದ್ದೆನೋ ನಗುತ್ತಿದ್ದೆನೋ ಗೊತ್ತಿಲ್ಲ, ನಾಜ್ ನನ್ನ ಬಾಯಿಗೆ ದುಪಟ್ಟಾ ಒತ್ತಿ ಹಿಡಿದಿದ್ದಳು. ನಮ್ಮ ಹಿಂದೆ ನಿಂತಿದ್ದ ಹಿರಿಯರೊಬ್ಬರು ಗದ್ಗದರಾಗಿ ಹೇಳಿದರು: "ಸತ್ತ ಮೇಲೂ ಮಕ್ಕಳ ಓದಿಗೆ ಆಗಬೇಕು ಅನ್ನೋ ಮನಸ್ಸು ನೋಡಿ. ಎಲ್ಲಾ ಮೇಷ್ಟ್ರ ಸಂಸ್ಕಾರ."

ಅದೂ ಅವರ ಲೆಕ್ಕಕ್ಕೇ ಹೋಯಿತು! ಆ ಮಾತಿಗೆ ಬಂದ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ.

ಅಜ್ಜಿ ಹೋಗಿ ಈಗ ವರ್ಷಗಳಾದವು. ಕೆಳಗಿನ ಮನೆಯಲ್ಲಿ ಬೇರೆಯವರಿದ್ದಾರೆ. ನಾವು ಮೂವರೂ ಈಗಲೂ ಆಡುತ್ತೇವೆ, ಆದರೆ ಹಿಂದಿನಿಂದ ಸದ್ದಿಲ್ಲದೆ ಬಂದು ಬಗ್ಗಿ ನೋಡುವವರಿಲ್ಲ. ಅವರು ಇಲ್ಲವೆಂಬುದು ನನಗೆ ಹೆಚ್ಚು ಕಾಡುವುದು ಭಾನುವಾರಗಳಲ್ಲೇ.

ಬಜೆ ಕಟ್ಟಿಸಿಕೊಂಡು ಅಂಗಡಿಯಿಂದ ಹೊರಗೆ ಬಂದವಳು ತಡೆಯಲಾರದೆ ತುಮಕೂರಿಗೆ ಫೋನು ಮಾಡಿದೆ. ಅಜ್ಜಿಯ ಮಗಳೇ ಎತ್ತಿದರು. ಅದೂ ಇದೂ ಮಾತಾಯಿತು. ಆಮೇಲೆ ಅವರು ತಾವಾಗಿಯೇ ಹೇಳಿದರು, ಊರಿನವರು ಮೇಷ್ಟ್ರ ಸಮಾಧಿಗೆ ಹೊಸ ಕಲ್ಲು ಹಾಕಿಸುತ್ತಿದ್ದಾರಂತೆ. ಅಮ್ಮ ಅಂತೂ ಪಕ್ಕದಲ್ಲಿಲ್ಲ, ಹೆಸರನ್ನಾದರೂ ಜೊತೆಗೆ ಕೆತ್ತಿಸೋಣ ಎಂದು ಕೇಳಿದರಂತೆ.

"ಏನಂದ್ರಿ ಅಕ್ಕ?"

"ಹೆಸರೂ ಬೇಡ ಅಂದೆ ಕಣೆ" ಅಂದರು. "ನಾನೂ ಅದೇ ಮನೇಲಿ ಬೆಳೆದೋಳಲ್ವಾ..." ಅಂದರು.

ಮಾರ್ಕೆಟ್ಟಿನ ಆ ಗದ್ದಲದಲ್ಲಿ ನಾನು, ಅಲ್ಲಿ ಅವರು, ಇಬ್ಬರೂ ಫೋನು ಹಿಡಿದುಕೊಂಡೇ ಅತ್ತೆವು.